ನಾದಿನಿಯ ಸನ್ಮಾನಕ್ಕೆ ಭಾವನ ಎರಡು ಮಾತು

ನಮ್ಮೂರ ಹಾಲಿನ ಡೇರಿಗೂ, ಈ ಸಭೆಗೂ, ಒಟ್ಟಿನಲ್ಲಿ ಎಲ್ಲಿ ಕುರ್ಚಿ ಹಾಕಿದರೂ ಅಲ್ಲಿಗೆ ಅಧ್ಯಕ್ಷರಾಗಿಬಿಡುವ ಗಂಗಾಧರಯ್ಯನವರೇ, ಹಾಸನದಿಂದ ಕಾರು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಮೈಸೂರು ಪೇಟದ ಕೆಳಗೆ ಮುಖವೇ ಕಾಣದಂತಾಗಿರುವ ನನ್ನ ನಾದಿನಿ ಸುವರ್ಣಮ್ಮನವರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಹುಬ್ಬು ಗಂಟಿಕ್ಕಿರುವ ನನ್ನ ಧರ್ಮಪತ್ನಿ ಚಿಕ್ಕಲಕ್ಷ್ಮಮ್ಮನವರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಹನಾಮೂರ್ತಿಗಳಾದ ಮಲ್ಲಿಪಟ್ಟಣದ ಸಭಿಕರೇ,

ಕನ್ನಡ ಟೀವಿಯಲ್ಲಿ ಹಾಸ್ಯ ಎಂಬುದನ್ನು ಶುರು ಮಾಡಿದವನು ನಾನು. ಅರಕಲಗೂಡು ತಾಲ್ಲೂಕಿಗೆ ಟೀವಿ ಬರುವುದಕ್ಕೂ ನಾಲ್ಕು ವರ್ಷ ಮೊದಲೇ ಶುರು ಮಾಡಿದ್ದೆ. ದಾಖಲೆ ಕೇಳಬೇಡಿ. ದಾಖಲೆ ಇದ್ದವರಿಗೆ ಶಾಲು ಹಾಕಿದ್ದೀರಿ, ನನಗೆ ಬರೀ ಮೈಕು ಕೊಟ್ಟಿದ್ದೀರಿ, ಅದೂ ಐದು ನಿಮಿಷಕ್ಕೆ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಟೀವಿ ಹಾಸ್ಯದಲ್ಲಿ ಎಂ.ಎ. ಶನಿವಾರ, ಭಾನುವಾರ ಬರುವ ಒಂದು ಕಾರ್ಯಕ್ರಮವನ್ನೂ ಬಿಟ್ಟವನಲ್ಲ. ಗಂಡಸಿಗೆ ಸೀರೆ ಉಡಿಸಿದ ಮಾತ್ರಕ್ಕೆ ನಗು ಬರುತ್ತದೆಯೇ? ಮೊದಲ ಸಲ ಬರುತ್ತದೆ. ಇನ್ನೂರನೇ ಸಲ ಆ ಸೀರೆಯ ಮೇಲೆ ಮರುಕ ಬರುತ್ತದೆ. ತೀರ್ಪುಗಾರರು ಕುರ್ಚಿಯಿಂದ ಕೆಳಕ್ಕೆ ಬಿದ್ದು ನಗಬೇಕೇ? ಬೀಳಲಿ, ಆದರೆ ಜೋಕು ಮುಗಿದ ಮೇಲೆ ಬೀಳಲಿ. ನಗಿಸುವ ಕಾರ್ಯಕ್ರಮದಲ್ಲಿ ಸ್ಪರ್ಧಿಯ ಮನೆಯ ಸೋರುವ ಹೆಂಚು ತೋರಿಸಿ ಕೊಳಲು ಊದಿಸುವುದು ಏತಕ್ಕೆ? ಧಾರಾವಾಹಿಯಲ್ಲಿ ಅತ್ತೆ ತಿರುಗಿ ನೋಡುವುದನ್ನು ಮೂರು ಸಲ ತೋರಿಸುತ್ತಾರಲ್ಲ, ನಾನು ನಗುವುದು ಅಲ್ಲಿ.

ಇನ್ನೊಂದು ಸಂಗತಿಯನ್ನು ನಾನು ಸ್ವತಃ ಪತ್ತೆ ಮಾಡಿದ್ದೇನೆ. ಆ ಕಾರ್ಯಕ್ರಮಗಳಲ್ಲಿ ಎದುರಿಗೆ ಕೂತು ನಗುವವರನ್ನು ಗಮನಿಸಿ. ಹಸಿರು ರವಿಕೆಯ ಒಬ್ಬ ಹೆಂಗಸು ಎಲ್ಲ ಜೋಕಿಗೂ ಒಂದೇ ಥರ ಬಾಯಿಗೆ ಸೆರಗು ಹಿಡಿಯುತ್ತಾಳೆ. ಕೂಲಿ ನಗು, ಸ್ವಾಮಿ! ಇದನ್ನು ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಎಲ್ಲರಿಗೂ ಸಾರಿದ್ದೆ. ಸಾರಿದ್ದೇ ತಪ್ಪಾಯಿತು. ಏಕೆಂದು ಆಮೇಲೆ ಹೇಳುತ್ತೇನೆ, ಸಮಯ ಉಳಿದರೆ.

ಈಗ ಸುವರ್ಣಮ್ಮನ ವಿಚಾರ. ಟೀವಿಯ ಹಾಸ್ಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿದ್ದಾಳೆ. ಸಂತೋಷ. ನನಗೆ ಹೊಟ್ಟೆಕಿಚ್ಚಿಲ್ಲ. ಇಲ್ಲವೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಕಟ್ಟಿರುವ ಬ್ಯಾನರು ಹದಿನಾಲ್ಕು ಅಡಿ ಉದ್ದವಿದೆ. ನಾನು ಅಳೆದದ್ದು ಸುಮ್ಮನೆ, ಹೊತ್ತು ಹೋಗಲಿ ಎಂದು. ಆದರೆ ಅವಳು ಗೆದ್ದದ್ದು ಯಾರ ಬಂಡವಾಳದಿಂದ? ಹನ್ನೆರಡು ವಾರವೂ ಅವಳು ಆಡಿ ತೋರಿಸಿದ್ದು ನನ್ನನ್ನೇ. ಭಾವ ಪಂಚೆ ಎತ್ತಿ ಕಟ್ಟುವ ರೀತಿ ನನ್ನದು. ಮಾತಿಗೆ ಮೊದಲು ಎರಡು ಸಲ ಕೆಮ್ಮುವುದು ನನ್ನದು. ಜೋಪಾನವಾಗಿ ಬೆಳೆಸಿಕೊಂಡು ಬಂದ ಕೆಮ್ಮು ಅದು!

ಕಳೆದ ವಾರ ಅರಕಲಗೂಡಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮುಖ ದಿಟ್ಟಿಸಿ, "ಸಾ, ನೀವು ಟೀವಿ ಸುವರ್ಣಮ್ಮೋರ ಭಾವ ಅಲ್ವಾ? ಎಲ್ಲಿ, ಒಂದ್ಸಲ ಕೆಮ್ಮಿ ನೋಡಾನ" ಎಂದ. ಕೆಮ್ಮಿದೆ. "ಅಮ್ಮೋರಷ್ಟು ಚೆನ್ನಾಗಿ ಬರಾಕಿಲ್ಲ ಬುಡಿ" ಎಂದು ಟಿಕೆಟ್ ಹರಿದು ಕೈಗಿಟ್ಟ. ನನ್ನ ಕೆಮ್ಮನ್ನು ನಾನೇ ಸರಿಯಾಗಿ ಕೆಮ್ಮಲಾರೆನಂತೆ!

ನಮ್ಮ ಮನೆಗೆ ಹಾಸ್ಯ ಬಂದದ್ದು ಯಾರಿಂದ? ನನ್ನಿಂದ. ಮೂವತ್ತಾರು ವರ್ಷದ ಹಿಂದೆ, ನನ್ನ ಮದುವೆಯ ದಿನ, ಹೆಂಗಸರು ಹೊಸಿಲಲ್ಲಿ ಅಡ್ಡ ನಿಂತರು. ಹೆಂಡತಿಯ ಹೆಸರನ್ನು ಒಗಟಿನಲ್ಲಿ ಸೇರಿಸಿ ಹೇಳದಿದ್ದರೆ ಒಳಗೆ ಬಿಡುವುದಿಲ್ಲ, ನಿಮಗೆಲ್ಲ ಗೊತ್ತಿರುವ ಶಾಸ್ತ್ರ. ಆಗ ನಾನು ಹೇಳಿದೆ:

"ಅಟ್ಟದ ಮ್ಯಾಲೆ ಬೆಲ್ಲ, ಇರುವೆ ಮುತ್ಕೊಂಡ್ವಲ್ಲ,
ಚಿಕ್ಕಲಕ್ಷ್ಮಿ ಒಳಗೆ ಬಂದ್ರೆ ನನ್ ಮಾತೇನೂ ನಡಿಯಾಕಿಲ್ಲ!"

ಇಡೀ ಮಲ್ಲಿಪಟ್ಟಣ ನಕ್ಕಿತ್ತು. ಅದು ನನ್ನದೇ ಪದ. ಸುವರ್ಣಮ್ಮ ಪೇಟ ಬೀಳುವಂತೆ ತಲೆ ಅಲ್ಲಾಡಿಸುತ್ತಿದ್ದಾಳೆ. ಸರಿ, ಕಿವಿಯಲ್ಲಿ ಹೇಳಿಕೊಟ್ಟವಳು ಅವಳು. ಆಗ ಅವಳಿಗೆ ಹತ್ತು ವರ್ಷ. ನಾನು ಒಂದು ಪದವೂ ಹೊಳೆಯದೆ ನಿಂತಿದ್ದೆ. ಪಂಚೆ ಹಿಡಿದು ಜಗ್ಗಿ, "ಭಾವ, ಬಗ್ಗು, ಯೋಳ್ಕೊಡ್ತೀನಿ" ಎಂದಳು. ಆದರೆ ಬಾಯಿ ನನ್ನದಲ್ಲವೇ? ಅಂದಿನಿಂದ ಊರಿನವರು ನನ್ನನ್ನು ನಗಿಸುವ ತಿಮ್ಮಪ್ಪ ಎಂದರು. ನಾನೂ ತಿದ್ದಲು ಹೋಗಲಿಲ್ಲ.

ಇಷ್ಟನ್ನೆಲ್ಲ ಸಹಿಸಿದೆ. ಫೈನಲ್ಲಿನಲ್ಲಿ ಅವಳು ಆಡಿದ ಒಂದು ಮಾತನ್ನು ಮಾತ್ರ ಸಹಿಸಲಾರೆ. "ನಮ್ ಭಾವನೂ ಟೀವಿಗೆ ಓಯ್ತೀನಿ ಅಂತ ಒಂಟು ಎರಡು ಸಾವ್ರ ಕಳ್ಕೊಂಡ್ ಬಂದ್ರು" ಎಂದಳು. ಮರುದಿನ ಹರಾಜು ಕಟ್ಟೆಯಲ್ಲಿ ಗೆಳೆಯ ಪಾಪಯ್ಯ, "ಏನ್ಲಾ ತಿಮ್ಮ, ಎರಡೇ ಸಾವ್ರಕ್ಕೆ ಬಿದ್ದೋಗ್ಬುಟ್ಯಾ? ಬಲು ಅಗ್ಗದ ಆಸಾಮಿ ಕಣ್ಲಾ ನೀನು!" ಎಂದ. ಅಗ್ಗ! ನನ್ನ ಹೊಗೆಸೊಪ್ಪಿಗೆ ಕಡಿಮೆ ದರ ಕೂಗಿದಾಗಲೂ ಇಷ್ಟು ನೋವಾಗಿರಲಿಲ್ಲ. ಎರಡು ಸಾವಿರ ಎಂಬುದು ನಾನು ಲಕ್ಷ್ಮಿಗೆ ಹೇಳಿದ ಲೆಕ್ಕ. ಲಕ್ಷ್ಮಿ ತಂಗಿಗೆ ಹೇಳಿದ್ದೂ ಅದನ್ನೇ.

ನಡೆದದ್ದು ಹೀಗೆ. ಕಟ್ಟೆಯಲ್ಲಿ ನಾನು ಕೂಲಿ ನಗುವಿನ ಗುಟ್ಟು ಬಿಡಿಸಿ ಹೇಳುವಾಗ ಶಶಿಕಿರಣ್ ಎಂಬ ಕಪ್ಪು ಕನ್ನಡಕದವನು ಕೇಳಿಸಿಕೊಂಡ. "ಕರೆಕ್ಟಾಗಿ ಕಂಡುಹಿಡಿದಿದ್ದೀರ ಸಾರ್, ನಿಮ್ಮಂಥೋರು ಟೀವಿಗೆ ಬೇಕು" ಎಂದ. ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ಆಯ್ಕೆಯಂತೆ. ಅರ್ಜಿಗೆ ಎರಡು ಸಾವಿರ ಕೊಟ್ಟೆ. ಆಮೇಲೆ, "ನಗೋರು ಬೇಕಲ್ಲ ಸಾರ್, ಅರವತ್ತು ಜನ, ತಲೆಗೆ ಇಷ್ಟು ಅಂತ" ಎಂದ. ಬೇರೆ ಯಾರೂ ನಂಬುತ್ತಿರಲಿಲ್ಲ. ನಾನು ನಂಬಿದೆ, ಏಕೆಂದರೆ ಅದನ್ನು ಪತ್ತೆ ಮಾಡಿದವನೇ ನಾನು! ಹಸಿರು ರವಿಕೆಯ ಆ ಹೆಂಗಸೂ ಬರುತ್ತಾಳೆಯೇ ಎಂದು ಕೇಳಿದೆ. "ಅವ್ರಿಗೆ ರೇಟ್ ಜಾಸ್ತಿ ಸಾರ್" ಎಂದ. ಅದನ್ನೂ ಕೊಟ್ಟೆ.

ಛತ್ರಕ್ಕೆ ಹೋದರೆ ಅರವತ್ತು ಕುರ್ಚಿ ಇದ್ದವು, ಜನ ಇರಲಿಲ್ಲ. "ಅವರ ಬಸ್ಸು ಲೇಟು, ನೀವು ಆಡಿ ಸಾರ್, ನಗು ಆಮೇಲೆ ಸೇರಿಸೋಣ" ಎಂದ. ಖಾಲಿ ಕುರ್ಚಿಗಳ ಮುಂದೆ ಅರ್ಧ ಗಂಟೆ ಆಡಿದೆ. ನಡುನಡುವೆ ನಗುವಿಗೆ ಜಾಗವನ್ನೂ ಬಿಟ್ಟೆ. ಕೊನೆಗೆ ಮದುವೆಯ ಆ ಪದ ಹೇಳಲು ಹೋದೆ. ಬೆಲ್ಲದವರೆಗೆ ಬಂತು, ಮುಂದಕ್ಕೆ ಮರೆತುಹೋಯಿತು. ಪಂಚೆ ಜಗ್ಗುವವರು ಯಾರೂ ಇರಲಿಲ್ಲ. ನಕ್ಕವನು ಶಶಿಕಿರಣ್ ಒಬ್ಬನೇ. ಮನಸಾರೆ ನಕ್ಕ. ಮರುದಿನದಿಂದ ಅವನ ಫೋನು ಹತ್ತಲಿಲ್ಲ.

ಈಗ ನೀವು ನಗುತ್ತಿದ್ದೀರಿ. ಗಂಗಾಧರಯ್ಯನವರೂ ನಗುತ್ತಿದ್ದಾರೆ. ಒಬ್ಬರಿಗೂ ನಾನು ದುಡ್ಡು ಕೊಟ್ಟಿಲ್ಲ, ಪತ್ರಿಕೆಯವರು ಇದ್ದರೆ ಬರೆದುಕೊಳ್ಳಿ. ಸುವರ್ಣ, ಇನ್ನು ಎಲ್ಲಿ ಆಡಿದರೂ ಸರಿಯಾದ ಮೊತ್ತ ಹೇಳವ್ವ. ನಿಮ್ಮ ಭಾವ ಅಗ್ಗದವನಲ್ಲ. ಲಕ್ಷ್ಮೀ, ಏಳಬೇಡ, ಕೂತುಕೋ. ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪೈಪು ತೂತಾಯಿತೆಂದು ನಿನ್ನ ಕೈಯಿಂದ ದುಡ್ಡು ಇಸಿದುಕೊಂಡೆನಲ್ಲ, ಆ ಪೈಪು ತೂತಾಗಿರಲಿಲ್ಲ.

ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಪುಕ್ಕಟೆಯಾಗಿ ನಕ್ಕ ನಿಮಗೆ, ಅವತ್ತು ಬಗ್ಗು ಎಂದ ನನ್ನ ನಾದಿನಿಗೆ ವಂದನೆಗಳು. ನಲವತ್ತೆಂಟು ಸಾವಿರದ ಐನೂರು ರೂಪಾಯಿ. ನಮಸ್ಕಾರ.