ಕೈ ಎತ್ತಿದರೆ ನಿಲ್ಲಿಸುತ್ತಿದ್ದವರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ, ನಾವು ಕಳೆದುಕೊಂಡ ಡಾಕ್ಟರಮ್ಮನ ಯಜಮಾನರಿಗೆ, ಮಗಳಿಗೆ, ಅಣ್ಣನವರಿಗೆ — ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಆ ಪ್ರಯತ್ನವನ್ನೂ ಮಾಡುವುದಿಲ್ಲ. ಅವರ ಪಕ್ಕದ ಕೋಣೆಯಲ್ಲಿ ಹಲ್ಲು ಕೀಳುತ್ತಲೇ ನನ್ನ ತಲೆ ಬೆಳ್ಳಗಾಯಿತು. ಗೋಡೆಯಾಚೆ ಕಂಡದ್ದನ್ನು, ಕೇಳಿದ್ದನ್ನು ಹೇಳಿ ವೇದಿಕೆ ಇಳಿಯುತ್ತೇನೆ.

ಮಕ್ಕಳ ಬಾಯಲ್ಲಿ ಅವರು 'ತಂತಿ ಅಕ್ಕ'. ಸೊಟ್ಟ ಹಲ್ಲಿಗೆ ತಂತಿ ಕಟ್ಟಿ ಸಾಲಿಗೆ ತರುವ ವೈದ್ಯೆ. ಆಟಿಸಂ ಇರುವ ಮಕ್ಕಳಿಗೆಂದೇ ಒಂದು ಕೋಣೆ ಬೇಕೆಂದು ಆಸ್ಪತ್ರೆಯ ಜೊತೆ ಜಗಳವಾಡಿ ಪಡೆದವರು. ಆ ಕೋಣೆಯಲ್ಲಿ ಗಡಿಯಾರ ಇರಲಿಲ್ಲ — ಅದರ ಟಿಕ್ ಟಿಕ್ ಕೆಲವು ಮಕ್ಕಳಿಗೆ ಸುತ್ತಿಗೆ ಏಟು. ಸೆಂಟು ಹಾಕಿಕೊಂಡು ಬಂದವರಿಗೆ ಒಳಗೆ ಪ್ರವೇಶ ಇರಲಿಲ್ಲ. ನಮ್ಮ ನಿರ್ದೇಶಕರು ಒಮ್ಮೆ ಬಾಗಿಲಲ್ಲಿ ನಿಂತು, "ಏನ್ರೀ ಮೇಡಂ, ನಿಮ್ಮ ರೂಮಲ್ಲಿ ಟೈಮೇ ನಿಂತು ಹೋಗಿದೆಯಲ್ರೀ!" ಅಂದರು. ಇವರು ತಲೆ ಎತ್ತದೆ, "ನಿಮ್ಮ ರೂಮಲ್ಲಿ ಓಡ್ತಿದೆಯಲ್ಲ ಸಾರ್, ಸಾಕು" ಅಂದರು.

ನಗಿ, ಪರವಾಗಿಲ್ಲ. ಅವರಿದ್ದಿದ್ದರೆ ಮೊದಲು ಅವರೇ ನಗುತ್ತಿದ್ದರು.

ಒಬ್ಬ ಹುಡುಗಿ ಬಂದಳು. ಮಾತಿಲ್ಲ. ಮುಂದಿನ ಹಲ್ಲು ಎಷ್ಟು ಹೊರಗೆ ಅಂದರೆ — ಹೀಗೆ — ತುಟಿ ಮುಚ್ಚುತ್ತಿರಲಿಲ್ಲ. ಅವಳ ತಾಯಿ ಅದುವರೆಗೆ ಹತ್ತಿದ ಆಸ್ಪತ್ರೆ ಮೆಟ್ಟಿಲುಗಳಲ್ಲೆಲ್ಲ ಒಂದೇ ಮಾತು: "ಇಂಥ ಮಗೂಗೆ ಯಾಕಮ್ಮ ತಂತಿ? ಇವಳೇನು ಸಿನಿಮಾ ಸೇರ್ತಾಳಾ?" ಓದಿದವರು ಆಡಿದ ಮಾತು, ಸ್ವಾಮಿ. ನಾನು ಮರೆತಿಲ್ಲ. ಮರೆಯುವುದೂ ಇಲ್ಲ. ತಂತಿ ಅಕ್ಕ ನೆಲದ ಮೇಲೆ ಅವಳ ಪಕ್ಕ ಕೂತು ಕೇಳಿದರು: "ಅಗಿಯೋವಾಗ ಎಲ್ಲಿ ನೋಯುತ್ತೆ ಪುಟ್ಟಿ?" ಹುಡುಗಿ ಬೆರಳನ್ನು ಬಾಯೊಳಗೆ ಇಟ್ಟು ತೋರಿಸಿದಳು. ಕೆಳಗಿನ ಹಲ್ಲು ಅಂಗುಳಕ್ಕೆ ನಾಟಿ ಹುಣ್ಣಾಗಿತ್ತು. ಅದನ್ನು ಯಾರೂ — ಯಾರೂ — ಕೇಳಿರಲಿಲ್ಲ.

ಅಂದೇ ಒಪ್ಪಂದ ಆಯಿತು. "ನೀನು ಕೈ ಎತ್ತು. ನಾನು ನಿಲ್ಲಿಸ್ತೀನಿ." ಅಷ್ಟೇ.

ಹುಡುಗಿ ನಂಬಲಿಲ್ಲ. ಯಾಕೆ ನಂಬಬೇಕು? ಕನ್ನಡಿ ತಂದರೆ ಕೈ ಎತ್ತಿದಳು. ದೀಪ ಹಚ್ಚಿದರೆ ಕೈ ಎತ್ತಿದಳು. ಇವರು ಪ್ರತಿ ಸಲವೂ ನಿಲ್ಲಿಸಿದರು. ವಾರಗಟ್ಟಲೆ ಹೀಗೇ. ಕೊನೆಗೊಂದು ದಿನ ಹಲ್ಲು ಒಣಗಿಸಿ, ಅಂಟು ಹಚ್ಚಿ, ತಂತಿ ಸಿಕ್ಕಿಸುವ ಮೊದಲ ಲೋಹದ ಗುಂಡಿ ಕೂರಿಸುವ ಹೊತ್ತಿಗೆ — ಮತ್ತೆ ಕೈ ಮೇಲೆ! ನರ್ಸಮ್ಮ ಬಾಯಿ ಬಡಿದುಕೊಂಡರು: "ಅಯ್ಯೋ ಮೇಡಂ, ಒಂದೇ ಒಂದು ಕ್ಷಣ, ಒತ್ತಿಬಿಡಿ!" ಇವರು ಗುಂಡಿಯನ್ನು ತಟ್ಟೆಗೆ ಹಾಕಿ ಹಿಂದೆ ಸರಿದರು. "ಈ ಅಂಟು ಹಾಳಾದ್ರೆ ಹಾಳಾಗಲಿ, ಅಲಮಾರೀಲಿ ಇನ್ನೂ ಇದೆ ಬಿಡಿ."

ಹುಡುಗಿ ಅವರ ಮುಖವನ್ನೇ ನೋಡಿದಳು. ಆಮೇಲೆ ತಾನಾಗಿ ಬಾಯಿ ತೆರೆದಳು.

ತಿಂಗಳುಗಳು ಉರುಳಿ, ಅವಳ ತುಟಿ ಇನ್ನೇನು ಮುಚ್ಚುವ ಹಾದಿಯಲ್ಲಿತ್ತು. ಹೋದ ತಿಂಗಳು, ಕೆಲಸಕ್ಕೆ ಹೊರಟ ತಂತಿ ಅಕ್ಕ, ಮನೆಯ ಬಾಗಿಲಲ್ಲೇ ಕುಸಿದರು. ಅವರ ಮಗಳು ನನಗೆ ಫೋನ್ ಮಾಡಿ, "ಅಂಕಲ್, ಅಮ್ಮ ಏಳ್ತಿಲ್ಲ" ಅಂದಳು. ಅದಕ್ಕಿಂತ ಮುಂದಕ್ಕೆ ನನಗೆ ಹೇಳಲು ಬರುವುದಿಲ್ಲ.

ಆದರೆ ಇದನ್ನು ಹೇಳಲೇಬೇಕು. ಅವರು ಹೋದ ಮೇಲೆ ಆ ಹುಡುಗಿಯ ತಂತಿಯ ತುದಿ ಬಿಚ್ಚಿ ಕೆನ್ನೆಗೆ ಚುಚ್ಚಿತು. ತಾಯಿ ಕರೆತಂದರು. ಅಷ್ಟರಲ್ಲಿ ಕೋಣೆಗೆ ಬೀಗ ಬಿದ್ದಿತ್ತು — ಕುರ್ಚಿ, ಮೇಜು ತುಂಬಿಸಲು ಜಾಗ ಬೇಕಂತೆ. ಬೇರೆ ಡಾಕ್ಟರರು ತಮ್ಮ ಕೋಣೆಯಲ್ಲಿ ಮಲಗಿಸಿದರು. ಅವಳು ಕೈ ಎತ್ತಿದಳು. "ಹಿಡ್ಕೊಳ್ರೀ!" ಅಂದರು. ಆ ಕೈ ಹಿಡಿದರು. ಇನ್ನೊಂದು ಕೈ ಎತ್ತಿದಳು. ಅದನ್ನೂ ಹಿಡಿದರು. ಚೀರಾಟ ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ತಂತಿ ಕತ್ತರಿಸಿ ಆಗಿತ್ತು. "ಕೆಲಸ ಆಯ್ತಲ್ಲ ಸಾರ್, ಇನ್ನೇನು?" ಅಂದರು.

ಇನ್ನೇನು! ಅಂದಿನಿಂದ ಅವಳು ಬ್ರಷ್ಷಿಗೂ ಬಾಯಿ ತೆರೆಯುತ್ತಿಲ್ಲ. ಗುಂಡಿಗಳು ಹಲ್ಲಿನ ಮೇಲೆ ಹಾಗೇ ಇವೆ. ಸುತ್ತಲೂ ಹುಳುಕು ಶುರುವಾಗುತ್ತದೆ. ಅಷ್ಟು ಕಾಲ ಕೂಡಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಮುರಿದಿದ್ದೇವೆ.

ಆಡಳಿತ ಮಂಡಳಿಯವರು ಮೂರನೇ ಸಾಲಿನಲ್ಲಿದ್ದೀರಿ. ಹಾರ ತಂದಿದ್ದೀರಿ, ದೊಡ್ಡದು. ಭಾವಚಿತ್ರಕ್ಕೆ ಹಾಕಿದಿರಿ, ಸಂತೋಷ. ನನಗೆ ಆ ಕೋಣೆಯ ಕೀಲಿ ಕೊಡಿ. ಅವರ ಹತ್ತಿರ ಕಲಿತ ಶಿಷ್ಯೆ ಬರಲು ಒಪ್ಪಿದ್ದಾಳೆ. ಅದೇ ಕೋಣೆ, ಅದೇ ನೆಲ ಇದ್ದರೆ ಆ ಮಗು ಮತ್ತೆ ಒಂದು ದಿನ ಬಾಯಿ ತೆರೆಯಬಹುದು. ತೆರೆಯದೆಯೂ ಇರಬಹುದು. ಗೊತ್ತಿಲ್ಲ. ಆದರೆ ಕೀಲಿ ಕೊಡಿ.

ಈಗ ಮೌನ. ಎಷ್ಟು ಹೊತ್ತು ಅಂತ ನಾನು ಹೇಳುವುದಿಲ್ಲ. ಆ ಹುಡುಗಿ ಇಲ್ಲೇ, ಹಿಂದಿನ ಬಾಗಿಲ ಬಳಿ ತಾಯಿಯ ಜೊತೆ ಕೂತಿದ್ದಾಳೆ. ತಿರುಗಿ ನೋಡಬೇಡಿ, ಅವಳಿಗೆ ಹಿಂಸೆಯಾಗುತ್ತದೆ. ಅವಳನ್ನು ಕೇಳಿ, ಅವಳು ತಲೆಯಾಡಿಸಿದ ಮೇಲೇ ಹೇಳುತ್ತಿದ್ದೇನೆ: ಅವಳು ಕೈ ಎತ್ತಿದಾಗ ನಾವು ಮೌನ ನಿಲ್ಲಿಸುತ್ತೇವೆ. ನಾನು ಇಲ್ಲಿಂದ ನೋಡುತ್ತಿರುತ್ತೇನೆ. ಎತ್ತಿದ ತಕ್ಷಣ — ಒಂದು ಕ್ಷಣವೂ ತಡ ಮಾಡದೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಎಳೆಯಬೇಡಿ — ಮೆಲ್ಲಗೆ.