ಕೂಗಿದರೆ ಓಗೊಡದ ಹಟ್ಟಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಬಿಸಿಲಲ್ಲಿ ಬಂದು ಕುಳಿತಿರುವ ಗುಂಡ್ಲುಪೇಟೆಯ ಸಭಿಕರೇ,

ನಿರೂಪಕರು ಪುಟ್ಟಮಾದಯ್ಯ ಮೇಷ್ಟ್ರು ಎಂದು ನನ್ನನ್ನು ಹೊಗಳಿದ್ದು ಕೇಳಿ, ಇವರು ಯಾರಪ್ಪಾ ಎಂದು ನಾನೇ ಪಕ್ಕಕ್ಕೆ ತಿರುಗಿ ನೋಡಿದೆ. ಜೀತದಿಂದ ಬಿಡುಗಡೆಯಾದ ಮಗು ಮೇಷ್ಟ್ರಾದ ಕಥೆ ಹೇಳಿ ಎಂದಿರಿ. ಹೇಳುತ್ತೇನೆ. ಆದರೆ ನಾನು ಬಂದದ್ದು ಒಂದು ಮಾತು ಕೇಳುವುದಕ್ಕೆ. ಇವತ್ತು ಬೆಳಗಿನ ಜಾವ ನನ್ನ ಅವ್ವ ದೊಡ್ಡತಾಯಮ್ಮ ತೀರಿಕೊಂಡಳು. ತೆರಕಣಾಂಬಿಯ ಮನೆಯಲ್ಲಿ ಮಲಗಿಸಿ ಬಂದಿದ್ದೇನೆ. ಹೊಸಹಟ್ಟಿಯಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಬೇಕೆಂಬುದು ಅವಳ ಕೊನೆಯ ಆಸೆ.

ಹೊಸಹಟ್ಟಿ ಎಲ್ಲಿದೆ ಎನ್ನುತ್ತೀರಾ? ಎಲ್ಲೂ ಇಲ್ಲ. ಎಪ್ಪತ್ತಾರರಲ್ಲಿ ಜೀತ ರದ್ದಾದಾಗ ಧಣಿಗಳ ಕೊಟ್ಟಿಗೆಯಿಂದ ಹೊರಬಿದ್ದ ನಮ್ಮವರು ಕಾಡಂಚಿನ ಸರ್ಕಾರಿ ಭೂಮಿಯಲ್ಲಿ ಗುಡಿಸಲು ಹಾಕಿದರು, ಹುರುಳಿ ಬಿತ್ತಿದರು. ಒಂದು ಕಟ್ಟಳೆಯನ್ನೂ ಮಾಡಿಕೊಂಡರು. ಬೀದಿಯಲ್ಲಿ ನಿಂತು ಯಾರೇ ಹೆಸರು ಹಿಡಿದು ಕೂಗಿದರೂ ಓಗೊಡಬಾರದು. ಧಣಿ ಕೂಗಿದಾಗೆಲ್ಲ ಉಣ್ಣುವ ತಟ್ಟೆ ಬಿಟ್ಟು ಓಡಿದ ಜನ ಅವರು. "ಬೇಕಾದೋರು ಬಾಗ್ಲಿಗ್ ಬರ್ಲಿ ಕಣ್ಲಾ, ನಾವೇನ್ ಅವರ ದನವಾ?" ಎನ್ನುತ್ತಿದ್ದಳು ಅವ್ವ. ಅಲ್ಲಿ ಕಂಡಷ್ಟು ಮರ್ಯಾದೆಯನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಈ ವೇದಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ದಿನ ಹಕ್ಕುಪತ್ರ ಕೊಡಲೆಂದು ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಇಳಿಯಲಿಲ್ಲ. ಕುಳಿತಲ್ಲಿಂದಲೇ ಒಬ್ಬೊಬ್ಬರ ಹೆಸರು ಕೂಗಿಸಿದರು. ಗುಡಿಸಲೊಳಗೆ ಎಲ್ಲರೂ ಇದ್ದರು. ಒಬ್ಬರೂ ಹೊರಗೆ ಬರಲಿಲ್ಲ. ನನ್ನ ಬಾಯಿಗೆ ಅವ್ವ ಕೈ ಅಡ್ಡ ಇಟ್ಟಿದ್ದಳು. ಇಲ್ಲಿ ಯಾರೂ ವಾಸವಿಲ್ಲ ಎಂದು ಬರೆದುಕೊಂಡು ಜೀಪು ಹೋಯಿತು. ಆಮೇಲೆ ಯಾವ ಕಚೇರಿಗೆ ಅಲೆದರೂ, ಇಲ್ಲದ ಊರಿನವರು ನೀವು ಎಂದರು. ಗುಡಿಸಲು ಕಿತ್ತರು, ಜನ ಚದುರಿದರು. ಕೆಲವರು ಕೇರಳದ ಶುಂಠಿ ಹೊಲಗಳಿಗೆ ಹೋದರು, ಕೆಲವರು ಅದೇ ಧಣಿಗಳ ಕೊಟ್ಟಿಗೆಗೆ ಮರಳಿದರು.

ಅಧ್ಯಕ್ಷರೇ, ಆ ಜಾಗ ಈಗ ನಿಮ್ಮ ರೆಸಾರ್ಟು. ನಮ್ಮಪ್ಪನನ್ನು ಹೂತಲ್ಲಿ ಹುಲ್ಲುಹಾಸು ಬೆಳೆಸಿದ್ದೀರಿ. ಬೆಳಿಗ್ಗೆ ಗೇಟಿನ ಹತ್ತಿರ ಹೋಗಿದ್ದೆ, ನಿಮ್ಮ ಅಪ್ಪಣೆ ಬೇಕೆಂದರು. ನಿಮ್ಮನ್ನು ಬೇರೆಲ್ಲಿ ಹುಡುಕಲಿ? ಈ ಸನ್ಮಾನದ ಶಾಲು ಹೊದ್ದರೆ ನಿಮ್ಮೆದುರು ನಿಂತು ಮಾತಾಡಬಹುದೆಂದು ಬಂದೆ. ನೀವು ಮೊಬೈಲು ನೋಡುತ್ತಿದ್ದೀರಿ, ಆಗಲಿ. ಬಿಸಿಲೇರುತ್ತಿದೆ, ಹೆಣ ಕಾಯುವುದಿಲ್ಲ. ದಾಖಲೆ ತಿದ್ದಿ ಎಂದು ನಾನು ಕೇಳುತ್ತಿಲ್ಲ, ಅಪ್ಪನ ಪಕ್ಕ ಅವ್ವನಿಗೆ ಆರಡಿ ಜಾಗ ಕೇಳುತ್ತಿದ್ದೇನೆ. ಅಲ್ಲಿ ಯಾರೂ ಇಲ್ಲವೆಂದು ಬರೆದಿದೆಯಲ್ಲ, ಹಾಗೆಯೇ ಇರಲಿ. ಸತ್ತವಳನ್ನು ಮಲಗಿಸಿದರೆ ವಾಸವಿದ್ದಾಳೆಂದು ಯಾರೂ ಬರೆದುಕೊಳ್ಳುವುದಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.