ಜ್ವರದಮ್ಮನ ಬಾಗಿಲಲ್ಲಿ ಜಗಳ

ನಮ್ಮೂರಲ್ಲಿ ಹಲ್ಲುನೋವಿಗೂ ಒಬ್ಬ ದೇವರಿದಾನೆ; ನಾನು ಅವನ ಸಾಲಲ್ಲಿ ನಿಂತಿದ್ದೆ. ಪಕ್ಕದ ಸಾಲು ಇಶ್ಮಾರು ಅನ್ನೋ ಜ್ವರದಮ್ಮಂದು. ಮನೆಯವರು ಬೇಡ್ಕೊಂಡ್ರೆ ಆಯಮ್ಮ ಕೇಳಲ್ಲ, ಆಗದವರು ಬೇಡ್ಕೊಂಡ್ರೆ ಮಾತ್ರ ಕಿವಿ ಕೊಡ್ತಾಳೆ. ಅದಕ್ಕೇ ಓರ್ವಿ ಅನ್ನೋಳು ತನಗಾಗದ ಪಕ್ಕದ ಮನೆಯವಳು ತಮೇಕುನ ಕರಕೊಂಡು ಬಂದಿದ್ಲು.

"ಮಗ ಮೊನ್ನೆಯಿಂದ ಕಣ್ಣೇ ಬಿಟ್ಟಿಲ್ಲ, ತಮೇಕು. ನೀನು ಬಂದ್ಯಲ್ಲ, ನಿನ್ನ ಕಾಲಿಗೆ..."

"ಏಳೇ ಮೇಲೆ! ಅಮ್ಮ ನೋಡಿದ್ರೆ ರಾಜಿ ಆಗಿದೀವಿ ಅನ್ಕೋತಾಳೆ. ಬೈಯಿ ನನ್ನ."

"ಏನಂತ ಬೈಲಿ?"

"ನಮ್ಮ ಮೇಕೆ ನಿಮ್ಮ ಹೊಸಿಲು ದೇವರನ್ನ ತಿಂದುಬಿಡ್ತಲ್ಲ, ಅದಕ್ಕೆ."

"ಹುಲ್ಲಿನ ದೇವರು ತಾನೇ, ಬಿಡು. ಬೇರೆ ಹೆಣೆದ್ವಿ."

"ಬಿಡು ಅನ್ನಬೇಡ್ವೇ, ದರಿದ್ರದೋಳೇ! ಮಗ ಬೇಕೋ ಬೇಡ್ವೋ?"

ಪೂಜಾರಿ ಬಾಗಿಲು ತೆಗೆದ. ಓರ್ವಿ ತಾನು ಹೊದ್ದಿದ್ದ ಕಂಬಳಿ ಮರೆಯಲ್ಲಿ ತಮೇಕು ಕೈ ಗಟ್ಟಿಯಾಗಿ ಹಿಡ್ಕೊಂಡು, ಅವಳ ವಂಶಾನೆಲ್ಲ ಬೈತಾ ಬೈತಾ ಒಳಗೆ ಹೋದ್ಲು.